ದಾರಿಯನ್ನು ಬರೆದಿಟ್ಟವರು

ಬಾಟಲಿಯಲ್ಲಿ ಉಳಿದಿದ್ದದ್ದು ಎರಡೇ ಗುಟುಕು ನೀರು. ಮಧ್ಯಾಹ್ನ ಎರಡೂವರೆ. ಸೆಪ್ಟೆಂಬರ್ ತಿಂಗಳಾದರೂ ಬಿಸಿಲು ನಮ್ಮೂರಿನ ಏಪ್ರಿಲ್ ನೆನಪಿಸುವಂತಿತ್ತು. ಜೊತೆಗಿದ್ದ ದಾವಣಗೆರೆಯ ಗೆಳೆಯ ಬಂಡೆಯ ಮೇಲೆ ಕುಸಿದು ಕೂತು, "ಲೇ, ಇಲ್ಲಿ ನೀರೈತಿ ಅಂದಿದ್ಯಲ್ಲಲೇ, ಎಲ್ಲೈತಿ?" ಅಂದ. ನಾನು ಮೊಬೈಲ್ ತೋರಿಸಿದೆ. ಒಳ್ಳೆಯ ಒರತೆ, ತಣ್ಣನೆಯ ನೀರು ಎಂದು ಯಾರೋ ಬರೆದದ್ದು ಪರದೆಯ ಮೇಲೆ ಸ್ಪಷ್ಟವಾಗಿಯೇ ಇತ್ತು. ನಮ್ಮ ಕಾಲಬುಡದಲ್ಲಿ ಮಾತ್ರ ಒಣಗಿದ ಎಲೆ, ಹಕ್ಕಳೆಗಟ್ಟಿದ ಪಾಚಿ, ಒಂದಿಷ್ಟು ಕೆಸರು.

ನಾವಿದ್ದದ್ದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕಿಟಟಿನಿ ಬೆಟ್ಟಸಾಲಿನ ಮೇಲೆ. ಕಂಪನಿಯ ಪ್ರಾಜೆಕ್ಟ್ ಮೇಲೆ ಬಂದು ಒಂದೂವರೆ ವರ್ಷವಾಗಿತ್ತು. ವಾರಾಂತ್ಯಗಳಲ್ಲಿ ಮಾಲ್ ಸುತ್ತಿ ಬೇಜಾರಾಗಿ, ಡೆಲವೇರ್ ವಾಟರ್ ಗ್ಯಾಪ್‌ನಿಂದ ಹತ್ತಿ ಸುಮಾರು 16 ಕಿ.ಮೀ. ದೂರದ ತಂಗುದಾಣದಲ್ಲಿ ರಾತ್ರಿ ಕಳೆದು, ಮರುದಿನ ವಾಪಸ್ ಬರೋಣ ಅಂತ ಹೊರಟಿದ್ದೆವು. ಆರು ಕಿ.ಮೀ. ನಡೆದ ಮೇಲೆ ಸನ್‌ಫಿಶ್ ಪಾಂಡ್ ಎಂಬ ಚೆಂದದ ಕೆರೆ ಸಿಗುತ್ತದೆ. ಹಿಮಯುಗದ ನೀರ್ಗಲ್ಲು ಕೊರೆದು ಮಾಡಿದ್ದು ಅದು. ಅಲ್ಲೇ ಸೋಸಿ ನೀರು ತುಂಬಿಸಿಕೊಳ್ಳಬಹುದಿತ್ತು. "ಮುಂದೆ ಒರತೆ ಇದೆ ಮಾರಾಯ, ಭಾರ ಯಾಕೆ ಹೊರೋದು" ಅಂದವನು ನಾನೇ.

ಅರ್ಧ ಗಂಟೆ ಹಾಗೇ ತಡವರಿಸಿ ನಡೆದಾಗ ಎದುರಿಗೆ ಒಬ್ಬ ಅಜ್ಜ ಸಿಕ್ಕರು. ಎಪ್ಪತ್ತರ ಆಸುಪಾಸು ಇರಬಹುದು. ಕೈಯಲ್ಲಿ ಕೊಂಬೆ ಕತ್ತರಿಸುವ ಉದ್ದನೆಯ ಕತ್ತರಿ. ದಾರಿಗೆ ಬಾಗಿದ ಪೊದೆ ಸವರುತ್ತಿದ್ದ ಸ್ವಯಂಸೇವಕ. ನಮ್ಮ ಮುಖ ನೋಡಿಯೇ ಅರ್ಥವಾಯಿತೇನೋ, ಕೇಳುವ ಮೊದಲೇ ಒಂದು ಲೀಟರ್ ನೀರು ಕೊಟ್ಟರು. ನಾನು ಮೊಬೈಲ್ ತೋರಿಸಿ ದೂರು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನು ಬರೆದದ್ದು ಯಾವಾಗ?"

ನೋಡಿದೆ. ಮೇ ತಿಂಗಳು. ಅದೂ ಎರಡು ವರ್ಷ ಹಿಂದಿನದು.

ಅಜ್ಜ ಜೇಬಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದರು. ಒಳಗೆ ಯಾವುದೋ ಪುಸ್ತಕದಿಂದ ಹರಿದ ನಾಲ್ಕೈದು ಹಾಳೆ. ನಮ್ಮ ಒರತೆಯ ಸಾಲಿನ ಎದುರು, ಬೇಸಿಗೆಯಲ್ಲಿ ಇದನ್ನು ನೆಚ್ಚಿಕೊಳ್ಳಬೇಡಿ ಎಂಬರ್ಥದ ಚಿಕ್ಕ ಸೂಚನೆ ಇತ್ತು. ಅಷ್ಟೇ. ಆ ಒಂದು ಸೂಚನೆ ಓದಿದ್ದರೆ ನಾವು ಕೆರೆಯಲ್ಲೇ ಬಾಟಲಿ ತುಂಬಿಸಿಕೊಳ್ಳುತ್ತಿದ್ದೆವು.

ಅವತ್ತಿನಿಂದ ನನಗೆ ದಾರಿಗಿಂತ ಹೆಚ್ಚಾಗಿ, ದಾರಿಯ ಬಗ್ಗೆ ಬರೆದವರ ಮೇಲೆ ಕುತೂಹಲ ಹುಟ್ಟಿತು.

3,500 ಕಿ.ಮೀ. ಕಾಲುದಾರಿ

ನಾವು ನಡೆದದ್ದು ಅಪ್ಪಲೇಚಿಯನ್ ಟ್ರೇಲ್ ಎಂಬ ಮಹಾ ಕಾಲುದಾರಿಯ ಒಂದು ಚೂರು. ದಕ್ಷಿಣದ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ, 14 ರಾಜ್ಯಗಳಲ್ಲಿ ಹಾದುಹೋಗುವ ಈ ದಾರಿಯ ಉದ್ದ ಸುಮಾರು 3,500 ಕಿ.ಮೀ. ಶ್ರೀನಗರದಿಂದ ಕನ್ಯಾಕುಮಾರಿಗೆ ಬರುವ ಹೆದ್ದಾರಿಯ ಉದ್ದಕ್ಕೆ ಸ್ವಲ್ಪ ಕಡಿಮೆ ಅನ್ನಿ. ವ್ಯತ್ಯಾಸ ಏನಂದ್ರೆ, ಇಲ್ಲಿ ಬೆಟ್ಟ ಹತ್ತುತ್ತ ಇಳಿಯುತ್ತ ಕಾಲಲ್ಲೇ ಸಾಗಬೇಕು. ಒಂದೇ ಉಸಿರಿಗೆ ಪೂರ್ತಿ ನಡೆಯುವವರಿಗೆ ಐದರಿಂದ ಏಳು ತಿಂಗಳು ಬೇಕು. ಹಾಗೆ ಹೊರಟವರಲ್ಲಿ ಕೊನೆ ಮುಟ್ಟುವವರು ಹೆಚ್ಚೂಕಡಿಮೆ ನಾಲ್ವರಲ್ಲಿ ಒಬ್ಬರು.

ದಾರಿ ತಪ್ಪದಿರಲಿ ಅಂತ ಮರಗಳ ಮೇಲೆ, ಬಂಡೆಗಳ ಮೇಲೆ ಬಿಳಿ ಬಣ್ಣದ ಪಟ್ಟಿ ಬಳಿದಿರುತ್ತಾರೆ. ಎರಡು ಇಂಚು ಅಗಲ, ಆರು ಇಂಚು ಉದ್ದ. ನೀರಿನ ಕಡೆಗೋ ತಂಗುಮನೆಯ ಕಡೆಗೋ ಹೋಗುವ ಕವಲುದಾರಿಗೆ ನೀಲಿ ಪಟ್ಟಿ. ಮೇನ್ ರಾಜ್ಯದಲ್ಲಿ ಕೆನೆಬೆಕ್ ನದಿಗೆ ಸೇತುವೆ ಇಲ್ಲ, ದೋಣಿಯಲ್ಲೇ ದಾಟಿಸುತ್ತಾರೆ. ಆ ದೋಣಿಯ ತಳದಲ್ಲೂ ಒಂದು ಬಿಳಿ ಪಟ್ಟಿ! ಅಂದರೆ ದೋಣಿಯೂ ದಾರಿಯೇ.

ಪಟ್ಟಿ ಹಿಡಿದು ಹೋದರೆ ಸಾಕಲ್ಲ, ಪುಸ್ತಕ ಯಾಕೆ ಅಂತ ನೀವು ಕೇಳಬಹುದು. ಪಟ್ಟಿ ಹೇಳುವುದು "ಹೀಗೆ ಹೋಗು" ಅಂತ ಮಾತ್ರ. ಮುಂದಿನ ನೀರು ಎಷ್ಟು ದೂರ, ಸಂಜೆಯೊಳಗೆ ತಂಗುಮನೆ ಸಿಗುತ್ತಾ, ದಿನಸಿ ಖಾಲಿಯಾದರೆ ಯಾವ ರಸ್ತೆ ಹಿಡಿದರೆ ಊರು, ಆ ಊರಿನ ಅಂಚೆ ಕಚೇರಿ ಶನಿವಾರ ತೆರೆದಿರುತ್ತಾ, ಇದನ್ನೆಲ್ಲ ಹೇಳಲು ಮುಂದೆ ನಡೆದವರೊಬ್ಬರು ಬರೆದಿಡಬೇಕು.

ಚಕ್ರ ಉರುಳಿಸಿದ ವಕೀಲ

ಈ ದಾರಿ ಹುಟ್ಟಿದ್ದೇ ಕಾಗದದ ಮೇಲೆ. 1921ರಲ್ಲಿ ಬೆಂಟನ್ ಮೆಕೇ ಎಂಬುವವರು ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಇಂಥದ್ದೊಂದು ದಾರಿ ಬೇಕು ಅಂದರು. ನ್ಯೂಯಾರ್ಕ್‌ನ ರೇಮಂಡ್ ಟೋರಿ ಎಂಬ ಪತ್ರಕರ್ತ ತಮ್ಮ ಅಂಕಣದಲ್ಲಿ ಅದರ ಬಗ್ಗೆ ಬರೆದು ಜನ ಸೇರಿಸಿದರು. 1923ರಲ್ಲಿ ಬೇರ್ ಮೌಂಟನ್ ಬಳಿ ಮೊದಲ ತುಂಡು ಸಿದ್ಧವಾಯಿತು. ಟೋರಿ ಇನ್ನಿಬ್ಬರ ಜೊತೆ ಸೇರಿ ಬರೆದ ನ್ಯೂಯಾರ್ಕ್ ಸುತ್ತಲಿನ ನಡಿಗೆಗಳ ಕೈಪಿಡಿ ಬಂದದ್ದೂ ಅದೇ ವರ್ಷ. ಆ ಇನ್ನಿಬ್ಬರಲ್ಲಿ ಒಬ್ಬರು ಪ್ರಸೂತಿ ವೈದ್ಯರು. ಚಿತ್ರಗಳನ್ನು ಬರೆದುಕೊಟ್ಟವರು ಅವರೇ! ಹೊಟ್ಟೆಪಾಡಿಗೆ ಬೇರೆ ಕೆಲಸ, ಭಾನುವಾರ ಬೆಟ್ಟ, ರಾತ್ರಿ ಬರವಣಿಗೆ. ಈ ಪುಸ್ತಕ ಬರೆದವರ ಜಾತಕ ಅಂದಿನಿಂದ ಇಂದಿನವರೆಗೂ ಬಹುಮಟ್ಟಿಗೆ ಇದೇ.

ನನಗೆ ತುಂಬಾ ಹಿಡಿಸಿದ ಮನುಷ್ಯ ಮೈರನ್ ಏವರಿ. ವೃತ್ತಿಯಲ್ಲಿ ವಕೀಲ, ಅದೂ ಹಡಗುಗಳ ಕಾನೂನು. 1931ರಿಂದ ಸುಮಾರು ಇಪ್ಪತ್ತು ವರ್ಷ ಟ್ರೇಲ್ ಸಂಸ್ಥೆಯ ಅಧ್ಯಕ್ಷರಾಗಿದ್ದರು. ನಿಷ್ಠುರದ ಮನುಷ್ಯ, ಕನಸು ಕಂಡ ಮೆಕೇಯವರ ಜೊತೆಗೇ ಜಗಳ ಮಾಡಿಕೊಂಡಿದ್ದರು. ಆದರೆ ಕೆಲಸ ನೋಡಿ. ಸೈಕಲ್ ಚಕ್ರಕ್ಕೆ ಮೀಟರ್ ಕಟ್ಟಿ, ಅದನ್ನು ತಳ್ಳಿಕೊಂಡು ಬೆಟ್ಟ ಬೆಟ್ಟ ಅಳೆದರು. ಹಳೆಯ ಫೋಟೊಗಳಲ್ಲಿ ಅವರ ಜೊತೆ ಆ ಚಕ್ರ ಇರುತ್ತದೆ. ಅಳೆದದ್ದನ್ನು ಬರೆದು ಮಾರ್ಗದರ್ಶಿ ಪುಸ್ತಕ ಮಾಡಿದರು. ಇಂಥ ಮರದಿಂದ ಇಷ್ಟು ಮೈಲಿಗೆ ಹಳ್ಳ, ಅಲ್ಲಿಂದ ಇಷ್ಟಕ್ಕೆ ಹಳೆಯ ಗಾಡಿ ರಸ್ತೆ, ಹೀಗೆ. ಓದಲು ಒಣ ಪಟ್ಟಿ. ನಡೆಯುವವನಿಗೆ ಮಾತ್ರ ಅದು ಪ್ರಾಣ. 1936ರ ಹೊತ್ತಿಗೆ ತುಂಡು ತುಂಡಾಗಿ ಇಡೀ ದಾರಿ ನಡೆದು ಮುಗಿಸಿದ ಮೊದಲಿಗರಾದರು. ಮರುವರ್ಷ, 1937ರಲ್ಲಿ, ದಾರಿ ಒಂದು ತುದಿಯಿಂದ ಇನ್ನೊಂದಕ್ಕೆ ಪೂರ್ತಿ ಕೂಡಿಕೊಂಡಿತು.

ಪುಸ್ತಕ ಇಲ್ಲದೆ ಹೊರಟವನು, ಪತ್ರಿಕೆ ನಂಬಿ ಹೊರಟವಳು

ಆಮೇಲೆ ಬಂತು ಎರಡನೇ ಮಹಾಯುದ್ಧ. ದಾರಿ ನೋಡಿಕೊಳ್ಳುವವರಿಲ್ಲದೆ ಎಷ್ಟೋ ಕಡೆ ಕಾಡು ಮುಚ್ಚಿಕೊಂಡಿತು. 1948ರಲ್ಲಿ ಅರ್ಲ್ ಶಾಫರ್ ಎಂಬ ಯುವಕ ಜಾರ್ಜಿಯಾದಿಂದ ಹೊರಟ. ಯುದ್ಧದಿಂದ ವಾಪಸ್ ಬಂದವನು. ಜೊತೆಗೇ ನಡೆಯೋಣ ಅಂದುಕೊಂಡಿದ್ದ ಗೆಳೆಯ ಇವೋ ಜಿಮಾದ ಕಾಳಗದಲ್ಲಿ ತೀರಿಕೊಂಡಿದ್ದ. ಶಾಫರ್ ಬಳಿ ಮಾರ್ಗದರ್ಶಿ ಇರಲಿಲ್ಲ. ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುವಂಥ ರಸ್ತೆ ನಕ್ಷೆ, ಒಂದು ದಿಕ್ಸೂಚಿ, ಅಷ್ಟೇ. 124 ದಿನಗಳಲ್ಲಿ ಕಟಾಡಿನ್ ಮುಟ್ಟಿದ. ಒಬ್ಬನೇ ಒಂದೇ ಸಲಕ್ಕೆ ಪೂರ್ತಿ ನಡೆದ ಎಂದರೆ ಸಂಸ್ಥೆಯವರೇ ಮೊದಲು ಅನುಮಾನಪಟ್ಟರು. ದಾರಿಯುದ್ದಕ್ಕೂ ಬರೆದ ಡೈರಿ, ತೆಗೆದ ಸ್ಲೈಡುಗಳು ಅವನ ಸಾಕ್ಷಿಯಾದವು. 1998ರಲ್ಲಿ, ತಮ್ಮ 79ನೇ ವಯಸ್ಸಿನಲ್ಲಿ, ಶಾಫರ್ ಅದೇ ದಾರಿಯನ್ನು ಮತ್ತೊಮ್ಮೆ ಪೂರ್ತಿ ನಡೆದರು.

ಇನ್ನೊಬ್ಬರು ಎಮ್ಮಾ ಗೇಟ್‌ವುಡ್. ಒಹಾಯೊದ ರೈತಾಪಿ ಹೆಂಗಸು. ಹನ್ನೊಂದು ಮಕ್ಕಳ ತಾಯಿ. 1949ರ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂದ ಲೇಖನ ಓದಿ, ಇದು ಯಾರು ಬೇಕಾದರೂ ನಡೆಯಬಹುದಾದ ಒಳ್ಳೆ ದಾರಿ ಅಂದುಕೊಂಡರು. 1954ರಲ್ಲಿ ಹೊರಟು ಮೇನ್‌ನ ಕಾಡಿನಲ್ಲಿ ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು, ಅರಣ್ಯ ಸಿಬ್ಬಂದಿಯ ಕೈಗೆ ಸಿಕ್ಕಿ ಮನೆಗೆ ಮರಳಬೇಕಾಯಿತು. ಅಜ್ಜಿ ಬಿಡಲಿಲ್ಲ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಕ್ಯಾನ್ವಾಸ್ ಶೂ ಹಾಕಿ, ಕೈಯಲ್ಲೇ ಹೊಲಿದ ಚೀಲ ಹೆಗಲಿಗೇರಿಸಿ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ ಇಟ್ಟುಕೊಂಡು ಹೊರಟರು. ಮನೆಯವರಿಗೆ ಹೇಳಿದ್ದು ಸುಮ್ಮನೆ ನಡೆದು ಬರ್ತೀನಿ ಅಂತ. ಸೆಪ್ಟೆಂಬರ್‌ನಲ್ಲಿ ಕಟಾಡಿನ್ ಶಿಖರದ ಮೇಲಿದ್ದರು.

ಪತ್ರಿಕೆಯಲ್ಲಿ ಓದಿದ ದಾರಿಗೂ ಕಾಲಿಗೆ ಸಿಕ್ಕ ದಾರಿಗೂ ಹೋಲಿಕೆಯೇ ಇರಲಿಲ್ಲ ಎಂದು ಅವರು ಆಮೇಲೆ ಪತ್ರಕರ್ತರ ಮುಂದೆ ಬೇಸರ ತೋಡಿಕೊಂಡರು. ಗುರುತುಗಳು ಅಳಿಸಿದ್ದವು, ತಂಗುಮನೆಗಳು ಕುಸಿದಿದ್ದವು. ನನ್ನ ಮೊಬೈಲ್ ಪರದೆಯ ಒರತೆಗೂ ಅಜ್ಜಿ ಓದಿದ ಲೇಖನಕ್ಕೂ ಏನು ವ್ಯತ್ಯಾಸ ಹೇಳಿ? ಬರೆದವರು ಸುಳ್ಳು ಹೇಳಿರಲಿಲ್ಲ. ಬರೆದ ಮೇಲೆ ಕಾಲ ಕಳೆದಿತ್ತು, ಅಷ್ಟೇ. ಓದುವವನಿಗೆ ಮಾತ್ರ ಅದು ಇವತ್ತಿನ ಮಾತಿನ ಹಾಗೇ ಕಾಣುತ್ತದೆ.

ಕೆಲಸ ಬಿಟ್ಟ ಸಾಫ್ಟ್‌ವೇರ್ ಎಂಜಿನಿಯರ್

ಈಗ ನಮ್ಮವರೇ ಒಬ್ಬರ ಕಥೆ. ನಮ್ಮವರು ಅಂದರೆ ಕನ್ನಡಿಗರಲ್ಲ, ನಮ್ಮ ಕಸುಬಿನವರು. ಫ್ಲೋರಿಡಾದ ಡೇವಿಡ್ ಮಿಲ್ಲರ್ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದರು. ಹೆಂಡತಿ, ಮೂವರು ಹೆಣ್ಣುಮಕ್ಕಳು. 2003ರಲ್ಲಿ, 41ನೇ ವಯಸ್ಸಿನಲ್ಲಿ, ಕೆಲಸಕ್ಕೆ ರಾಜೀನಾಮೆ ಕೊಟ್ಟು ಟ್ರೇಲ್ ನಡೆಯಲು ಹೋದರು. ಇಲ್ಲಿ ನಡೆಯುವವರಿಗೆಲ್ಲ ಒಂದು ಅಡ್ಡಹೆಸರು ಇರುತ್ತದೆ. ಇವರದ್ದು 'ಎವಾಲ್'. ಸೈನ್ಯದಲ್ಲಿ ರಜೆ ಪಡೆಯದೆ ನಾಪತ್ತೆಯಾದವನಿಗೆ ಹೇಳುವ ಮಾತು!

ನಡೆದು ಬಂದು ಅನುಭವ ಬರೆದರು. ಅದು ಚೆನ್ನಾಗಿಯೇ ಓದಿಸಿಕೊಂಡಿತು. ಆದರೆ ನಡೆಯುವವರ ಚೀಲದಲ್ಲಿ ಜಾಗ ಪಡೆದದ್ದು ಅವರ ಇನ್ನೊಂದು ಪುಸ್ತಕ, 'ದಿ ಎ.ಟಿ. ಗೈಡ್'. ಅದರ ಪುಟ ನೋಡಿದರೆ ಎಂಜಿನಿಯರ್ ಕೈ ಗೊತ್ತಾಗುತ್ತದೆ. ಒಂದೊಂದು ಜಾಗಕ್ಕೆ ಒಂದೊಂದು ಸಾಲು: ದಕ್ಷಿಣ ತುದಿಯಿಂದ ಎಷ್ಟು ಮೈಲಿ, ಉತ್ತರ ತುದಿಗೆ ಇನ್ನೆಷ್ಟು, ಎತ್ತರ ಎಷ್ಟು, ಅಲ್ಲೇನಿದೆ. ಅದೇ ಪುಟದಲ್ಲಿ ಬೆಟ್ಟದ ಏರಿಳಿತದ ಗೆರೆ. ಊರುಗಳ ಪುಟ್ಟ ನಕ್ಷೆ. ಉತ್ತರಕ್ಕೆ ಹೋಗುವವರಿಗೆ ಒಂದು ಆವೃತ್ತಿ, ದಕ್ಷಿಣಕ್ಕೆ ಬರುವವರಿಗೆ ಇನ್ನೊಂದು, ಯಾಕಂದ್ರೆ ದಣಿದವನು ಪುಟವನ್ನು ತಲೆಕೆಳಗಾಗಿ ಓದಬಾರದು.

ಈ ದಾರಿಯ ಕೈಪಿಡಿಗಳಲ್ಲಿ ಒಂದು ತಮಾಷೆಯ ರೂಢಿ ಇದೆ. ದಾರಿ ಹೇಗೇ ತಿರುಗಲಿ, ಉತ್ತರಕ್ಕೆ ನಡೆಯುವವನ ಬಲಗಡೆ ಯಾವಾಗಲೂ 'ಪೂರ್ವ', ಎಡಗಡೆ 'ಪಶ್ಚಿಮ'. ಸೂರ್ಯ ಏನಾದರೂ ಹೇಳಲಿ! ಮೊದಲ ಸಲ ಓದಿದಾಗ ತಪ್ಪು ಅನ್ನಿಸಿತು. ಆಮೇಲೆ ಅರ್ಥವಾಯಿತು, ಸುಸ್ತಾಗಿ ದಿಕ್ಕು ತಿಳಿಯದವನಿಗೂ ಎಡ ಬಲ ಯಾವುದು ಅಂತ ಗೊತ್ತಿರುತ್ತದೆ.

ಕಷ್ಟದ ಭಾಗ ಬೇರೆ ಇದೆ. ಪುಸ್ತಕ ಪ್ರತಿವರ್ಷ ಹೊಸದಾಗಿ ಬರಬೇಕು. ಮಣ್ಣು ಕೊಚ್ಚಿಹೋಯಿತು ಅಂತ ಎಲ್ಲೋ ಒಂದು ಕಡೆ ದಾರಿಯನ್ನು ಅರ್ಧ ಮೈಲಿ ಬದಲಿಸಿದರೆ, ಅಲ್ಲಿಂದ ಮುಂದಿನ ಪ್ರತಿ ಸಾಲಿನ ಮೈಲಿಲೆಕ್ಕವೂ ಬದಲಾಗುತ್ತದೆ. ಯಾವುದೋ ಊರಿನ ಹಾಸ್ಟೆಲ್ ಮುಚ್ಚುತ್ತದೆ, ಅಂಚೆ ಕಚೇರಿಯ ವೇಳೆ ಬದಲಾಗುತ್ತದೆ, ಒರತೆ ಬತ್ತುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಬಡಿದಾಗ ದಕ್ಷಿಣ ಭಾಗದ ನೂರಾರು ಮೈಲಿ ದಾರಿ ಒಂದೇ ಏಟಿಗೆ ಬಂದ್ ಆಯಿತು. ಟೆನ್ನೆಸ್ಸಿಯ ಅರ್ವಿನ್ ಊರಿನ ಬಳಿ ನೊಲಿಚಕಿ ನದಿಯ ಸೇತುವೆಯೇ ಕೊಚ್ಚಿಹೋಗಿ, ಮುಂದಿನ ವರ್ಷ ನಡೆಯುವವರನ್ನು ದೋಣಿಯಲ್ಲಿ ದಾಟಿಸುವ ವ್ಯವಸ್ಥೆ ಮಾಡಬೇಕಾಯಿತು. ಮುದ್ರಿಸಿದ ಪುಟ ಇದನ್ನೆಲ್ಲ ಹೇಗೆ ತಾನೇ ಊಹಿಸೀತು?

ಅದಕ್ಕೇ ಈಗ ಮೊಬೈಲ್ ಆ್ಯಪ್‌ಗಳು ಬಂದಿವೆ. ಇವತ್ತು ನೀರು ಇತ್ತೋ ಇಲ್ಲವೋ ಅಂತ ನಡೆದವರೇ ಅಲ್ಲಲ್ಲಿ ಬರೆಯುತ್ತಾರೆ. ದಿನಾಂಕ ನೋಡಿ ಓದುವವರಿಗೆ ಅದು ವರ. ನನ್ನಂಥವರು ಓದಿದರೆ ಏನಾಗುತ್ತೆ ಅಂತ ಮೇಲೆಯೇ ಹೇಳಿದೆನಲ್ಲ. ಬ್ಯಾಟರಿ ಮುಗಿದರೆ ಅದೂ ಇಲ್ಲ. ಹಾಗಾಗಿ ಅನುಭವಸ್ಥರು ಇವತ್ತಿಗೂ ಪುಸ್ತಕದಿಂದ ಆ ವಾರಕ್ಕೆ ಬೇಕಾದ ಹಾಳೆಗಳನ್ನಷ್ಟೇ ಹರಿದು ಜೇಬಿಗೆ ಹಾಕಿಕೊಳ್ಳುತ್ತಾರೆ. ಪುಸ್ತಕ ಹರಿಯುವುದು ನಮಗೆ ಪಾಪದ ಕೆಲಸ. ಕಾಲಿಗೆ ತಾಗಿದರೂ ಕಣ್ಣಿಗೊತ್ತಿಕೊಳ್ಳುವವರು ನಾವು. ಆದರೆ ಬೆನ್ನ ಮೇಲಿನ ಒಂದೊಂದು ಗ್ರಾಂ ಲೆಕ್ಕ ಹಾಕಿ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಕತ್ತರಿಸಿ ಹೊರಡುವವರಿಗೆ ಅದು ಸಹಜ.

ಎಷ್ಟು ಬರೆಯಬೇಕು?

ಇನ್ನೂ ಒಂದು ಪೇಚು ಇದೆ. ಚೆನ್ನಾಗಿ ಬರೆದಷ್ಟೂ ಜನ ಬರುತ್ತಾರೆ. ಬಿಲ್ ಬ್ರೈಸನ್ 1998ರಲ್ಲಿ ಇದೇ ದಾರಿಯ ಬಗ್ಗೆ ನಗಿಸುವ ಪುಸ್ತಕ ಬರೆದ ಮೇಲೆ ಎಷ್ಟೋ ಜನ ಅದನ್ನು ಓದಿಯೇ ಟ್ರೇಲ್ ಹತ್ತಿದರು. ನಮ್ಮ ಕಡೆಯೂ ನೋಡಿದ್ದೇವೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸೇರಿದ ಜನಜಂಗುಳಿಯ ವಿಡಿಯೊ ನಿಮಗೂ ನೆನಪಿರಬೇಕು. ಬೆಟ್ಟ ಹತ್ತಲು ಚಿತ್ರಮಂದಿರದಂತೆ ಸಾಲು! ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಬೇಕಾಯಿತು. ಎಲ್ಲರೂ ನೋಡಿದ್ದದ್ದು ಶಿಖರದ ಮೇಲಿನ ಮೋಡದ ಫೋಟೊ. ನೀರು ಎಲ್ಲಿ, ಕಸ ಎಲ್ಲಿ ಹಾಕಬೇಕು, ಎಷ್ಟು ಹೊತ್ತಿಗೆ ಇಳಿಯಬೇಕು ಅಂತ ಬರೆದವರು ಕಡಿಮೆ.

ಒಳ್ಳೆಯ ಮಾರ್ಗದರ್ಶಿ ಬರೆಯುವವರು ಸೊಬಗಿನ ವರ್ಣನೆಯಲ್ಲಿ ಜಿಪುಣರು. ಎಚ್ಚರಿಕೆ ಹೇಳುವಾಗ ಮಾತ್ರ ಧಾರಾಳಿಗಳು. ಸೂರ್ಯಾಸ್ತ ಹೇಗಿತ್ತು ಅಂತ ಬರೆಯದಿದ್ದರೆ ಯಾರಿಗೂ ನಷ್ಟವಿಲ್ಲ. ಒರತೆ ಬೇಸಿಗೆಯಲ್ಲಿ ಬತ್ತುತ್ತದೆ ಅಂತ ಬರೆಯದಿದ್ದರೆ, ಮೂರನೇ ವರ್ಷ ಯಾರೋ ಗುರುತಿಲ್ಲದವನ ಗಂಟಲು ಒಣಗುತ್ತದೆ. ಆ ಗುರುತಿಲ್ಲದವನನ್ನು ಮನಸ್ಸಲ್ಲಿಟ್ಟುಕೊಂಡು ಬರೆಯುವುದೇ ಅವರ ವಿದ್ಯೆ ಅಂತ ನನಗೆ ಈಗ ಅನ್ನಿಸುತ್ತದೆ.

ನನ್ನ ಒಣಗಿದ ಒರತೆ

ಇಷ್ಟೆಲ್ಲ ಯಾಕೆ ನನಗೆ ಅಷ್ಟು ನಾಟಿತು ಅಂತ ಹೇಳಿಬಿಡ್ತೀನಿ.

ಆ ರಾತ್ರಿ ತಂಗುದಾಣದಲ್ಲಿ ಮಲಗಿದಾಗ ಅಜ್ಜ ಕೇಳಿದ ಪ್ರಶ್ನೆ ತಲೆಯಲ್ಲೇ ಸುತ್ತುತ್ತಿತ್ತು. ಇದನ್ನು ಬರೆದದ್ದು ಯಾವಾಗ? ಅದೇ ಜುಲೈನಲ್ಲಿ ನಮ್ಮ ಆಫೀಸಿನಲ್ಲಿ ಒಂದು ಘಟನೆ ನಡೆದಿತ್ತು. ರಾತ್ರಿಪಾಳಿಯಲ್ಲಿ ಸಿಸ್ಟಮ್ ಕೆಟ್ಟರೆ ಏನು ಮಾಡಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟ ಡಾಕ್ಯುಮೆಂಟ್ ಒಂದಿತ್ತು. ಬರೆದವನು ನಾನೇ, ಎರಡು ವರ್ಷ ಹಿಂದೆ. ಆಮೇಲೆ ಅದರ ಆರನೇ ಹೆಜ್ಜೆ ಬದಲಾಗಿತ್ತು. ನನಗೆ ಗೊತ್ತಿತ್ತು. ನಾಳೆ ತಿದ್ದೋಣ ಅಂತ ಬಿಟ್ಟಿದ್ದೆ. ಬೆಂಗಳೂರಿನ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಒಂದು ರಾತ್ರಿ ಅದನ್ನೇ ನಂಬಿ ಮಾಡಿದಳು. ಡೇಟಾ ಎಲ್ಲ ಎರಡೆರಡು ಸಲ ಸೇರಿಕೊಂಡು, ಸರಿಮಾಡಲು ಎರಡು ದಿನ ಹಿಡಿಯಿತು. ಮೀಟಿಂಗಿನಲ್ಲಿ ಎಲ್ಲರೂ, ಕೈಹಾಕುವ ಮುಂಚೆ ಒಂದು ಮಾತು ಕೇಳಬಾರದಿತ್ತಾ ಅಂತ ಅವಳನ್ನೇ ತರಾಟೆಗೆ ತಗೊಂಡರು. ನಾನೂ ಆ ಕರೆಯಲ್ಲಿದ್ದೆ. ಮೈಕ್ ಮ್ಯೂಟ್ ಮಾಡಿಕೊಂಡು ಸುಮ್ಮನೆ ಕೂತಿದ್ದೆ.

ಮೈರನ್ ಏವರಿ ಚಕ್ರ ತಳ್ಳಿದ್ದು, ಮಿಲ್ಲರ್ ವರ್ಷ ವರ್ಷ ಸಾವಿರಾರು ಸಾಲು ತಿದ್ದುವುದು, ಇದೆಲ್ಲ ಓದುತ್ತಾ ಹೋದಂತೆ ನನಗೆ ಪ್ರತಿಸಲ ಆ ಮೀಟಿಂಗೇ ನೆನಪಾಗುತ್ತಿತ್ತು.

ಬೆಟ್ಟದಿಂದ ಇಳಿದು ಬಂದ ಮೇಲೆ ಎರಡು ಕೆಲಸ ಮಾಡಿದೆ. ಮೊದಲು ಆ ಒರತೆಯ ಕೆಳಗೆ ದಿನಾಂಕ ಹಾಕಿ, "ಪೂರ್ತಿ ಒಣಗಿದೆ, ಕೆರೆಯಲ್ಲೇ ನೀರು ತುಂಬಿಸಿಕೊಳ್ಳಿ" ಅಂತ ಬರೆದೆ. ಆಮೇಲೆ ಸೋಮವಾರ ನಮ್ಮ ಮ್ಯಾನೇಜರ್‌ಗೆ, ತಂಡದವರಿಗೆಲ್ಲ ಪ್ರತಿ ಹಾಕಿ ಮೇಲ್ ಕಳಿಸಿದೆ: ಜುಲೈ ತಪ್ಪು ಅವಳದ್ದಲ್ಲ, ಡಾಕ್ಯುಮೆಂಟ್ ನನ್ನದು, ಹಳೆಯದು ಅಂತ ಗೊತ್ತಿದ್ದೂ ನಾನು ತಿದ್ದಿರಲಿಲ್ಲ. ಅವಳಿಗೆ ಬೇರೆಯಾಗಿ ಫೋನ್ ಮಾಡಿದೆ. ಏನೇನೋ ಹೇಳಬೇಕು ಅಂದುಕೊಂಡಿದ್ದೆ, ಮಾತು ಸರಿಯಾಗಿ ಬರಲಿಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಲ್ ನೋಡಿದೆ ಸರ್. ಅವತ್ತೇ ಹೇಳಿದ್ರೆ ಚೆನ್ನಾಗಿರ್ತಿತ್ತು" ಅಂದಳು. ಆಮೇಲೆ ಕೇಳಿದಳು, "ಆರನೇ ಸ್ಟೆಪ್ ಸರಿಮಾಡಿದ್ರಾ? ಈ ವಾರ ಮತ್ತೆ ನಂದೇ ನೈಟ್ ಶಿಫ್ಟು."

ಸರಿಮಾಡಿದ್ದೆ. ಈಗ ಅದರ ಪ್ರತಿ ಹೆಜ್ಜೆಯ ಪಕ್ಕ, ಕೊನೆಯ ಬಾರಿ ಪರೀಕ್ಷಿಸಿ ನೋಡಿದ ದಿನಾಂಕ ಇದೆ. ತಿಂಗಳ ಮೊದಲ ಶುಕ್ರವಾರ ನಾನೇ ಒಂದು ಸಲ ಪೂರ್ತಿ ಮಾಡಿ ನೋಡ್ತೀನಿ.